ಸಿಂಹವಿಲ್ಲದ ಕಾಡಿನಲ್ಲೊಂದು ಮತದಾನ

ಮೈಸೂರಿನಲ್ಲಿ ನಾನು ಇಪ್ಪತ್ತಾರು ವರ್ಷ ಇದ್ದೆ. ಬಂಡೀಪುರ ಅಲ್ಲಿಂದ ಎರಡು ಗಂಟೆಯ ದಾರಿ. ಆ ಇಪ್ಪತ್ತಾರು ವರ್ಷಗಳಲ್ಲಿ ಬಂಡೀಪುರದ ಕಾಡನ್ನು ನಾನು ಹೊಕ್ಕದ್ದು ಒಂದೇ ಸಲ, ಅದೂ ಊಟಿಗೆ ಹೋಗುವ ಬಸ್ಸಿನಲ್ಲಿ, ಪಕ್ಕದವರ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತ. ಹೀಗೆ ಮನೆಯ ಹಿತ್ತಲಿನ ಆನೆಯನ್ನು ಕಣ್ಣೆತ್ತಿ ನೋಡದ ಮನುಷ್ಯ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನಿಂದ ಹೊರಟು, ಎರಡು ಕಡೆ ವಿಮಾನ ಬದಲಿಸಿ, ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡು ಆಫ್ರಿಕಾದ ಆನೆ ನೋಡಲು ಹೋದನೆಂದರೆ ಅದಕ್ಕೆ ವನ್ಯಪ್ರೇಮ ಕಾರಣವಲ್ಲ. ಕಾರಣ ಒಂದು ಸ್ಪ್ರೆಡ್‌ಶೀಟು.

ಅದರ ಕರ್ತೃವನ್ನು ಇಲ್ಲಿ ಯೋಜಕರು ಎಂದು ಕರೆಯುತ್ತೇನೆ. ಮೂಲ ಬೆಂಗಳೂರು, ಈಗ ಮಾರ್ಗನ್ ಹಿಲ್‌ನಲ್ಲಿ ದೊಡ್ಡ ಮನೆ. ಮೂವತ್ತು ವರ್ಷ ಕಂಪನಿಗಳಲ್ಲಿ ಬೇರೆಯವರು ಮಾಡಬೇಕಾದ ಕೆಲಸಕ್ಕೆ ವೇಳಾಪಟ್ಟಿ ಹಾಕಿಕೊಟ್ಟು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಪಟ್ಟಿಯೊಳಗೆ ಸಿಕ್ಕಿಸಲು ಬೇರೆ ಯಾರೂ ಸಿಗದೆ ಸ್ನೇಹಿತರನ್ನೇ ಸಿಕ್ಕಿಸತೊಡಗಿದರು. ಒಂದು ಶನಿವಾರದ ಊಟಕ್ಕೆ ಕರೆದು ಟೀವಿಯ ಮೇಲೆ ಆ ಪಟ್ಟಿಯನ್ನು ತೋರಿಸಿದಾಗ, ಅವರೂ ಸೇರಿ ನಾವು ಮೂರು ದಂಪತಿಗಳು ಕೋಸಂಬರಿ ತಿನ್ನುತ್ತ ಗೌರವದಿಂದ ನೋಡಿದೆವು. ಹನ್ನೊಂದು ದಿನ, ಹದಿನೈದು ನಿಮಿಷಕ್ಕೊಂದು ಸಾಲು. ಒಂದು ಸಾಲಿನಲ್ಲಿ ‘ಆನೆ, ಒಂಬತ್ತೂ ಕಾಲರಿಂದ ಒಂಬತ್ತೂ ಮುಕ್ಕಾಲು’ ಎಂದು ಬರೆದಿತ್ತು.

“ಆನೆಗೆ ಈ ವಿಷಯ ತಿಳಿಸಿದೀರಾ?” ಎಂದು ಕೇಳಿದೆ.

“ಅದು ಟೆಂಟೆಟಿವ್ ಸರ್,” ಎಂದರು ಯೋಜಕರು, ನಗದೆ.

ಯಾತ್ರೆಯ ಉದ್ದೇಶ ಐದು ಪ್ರಾಣಿಗಳ ದರ್ಶನ: ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ. ಈ ಪಂಚಮಹಾಪ್ರಾಣಿಗಳನ್ನು ಕಂಡು ಬಂದವರಿಗೆ ನಮ್ಮ ಬೇ ಏರಿಯಾದ ಕನ್ನಡಿಗರಲ್ಲಿ ಕಾಶಿಯಾತ್ರೆ ಮುಗಿಸಿದವರ ಮರ್ಯಾದೆಯಿದೆ. ನಾಲ್ಕನ್ನೇ ಕಂಡು ಬಂದವರನ್ನು ಜನ ಸ್ವಲ್ಪ ಮೆಲ್ಲಗೆ, ಕಾಯಿಲೆಯವರನ್ನು ಮಾತಾಡಿಸಿದ ಹಾಗೆ, ಮಾತಾಡಿಸುತ್ತಾರೆ. ಆದ್ದರಿಂದ ಪಟ್ಟಿಯಲ್ಲಿದ್ದದ್ದೆಲ್ಲ ದೊಡ್ಡ ದೊಡ್ಡ ಕಾಡುಗಳೇ. ಮೊದಲ ದಿನ ಮಾತ್ರ, ಟಾಂಜಾನಿಯಾದಲ್ಲಿ ಇಳಿದ ಊರಿನ ಹತ್ತಿರ, ಒಂದು ಬೆಟ್ಟದ ಬುಡದಲ್ಲಿರುವ ಪುಟ್ಟ ರಾಷ್ಟ್ರೀಯ ಉದ್ಯಾನ. ಅಲ್ಲಿ ಸಿಂಹವಿಲ್ಲ. ಯೋಜಕರು ಅದಕ್ಕೆ ‘ವಾರ್ಮಪ್’ ಎಂದು ಹೆಸರಿಟ್ಟು ಅರ್ಧ ದಿನ ಕೊಟ್ಟಿದ್ದರು, ಬಾಳೆಲೆಯ ತುದಿಗೆ ಉಪ್ಪು ಬಡಿಸಿದ ಹಾಗೆ.

ನನ್ನ ಹೆಂಡತಿಗೆ ಆ ಹನ್ನೊಂದು ದಿನಗಳಲ್ಲಿ ಬೇಕಾಗಿದ್ದದ್ದು ಆ ಅರ್ಧ ದಿನ ಮಾತ್ರ.

ಅದಕ್ಕೆ ಕಾರಣ ಅವಳ ಬಲ ಮಂಡಿ. ಹಿಂದಿನ ವರ್ಷ ಅದನ್ನು ತೆಗೆದು ಲೋಹದ ಮಂಡಿ ಕೂರಿಸಿದ್ದರು. ಆಮೇಲೆ ನಡಿಗೆ ಕಲಿಸಲು ಒಬ್ಬ ಫಿಸಿಯೋಥೆರಪಿಯ ತರುಣ ಗಂಟುಬಿದ್ದ. ಮೊದಲ ದಿನವೇ ಅವನು ಕೈಯಲ್ಲೊಂದು ಫಾರಂ ಹಿಡಿದು, ನಿಮ್ಮ ಗುರಿ ಏನು ಎಂದು ಕೇಳಿದ. ಈ ದೇಶದಲ್ಲಿ ಮಂಡಿಗೂ ಗುರಿಯಿರಬೇಕು. ಬೇರೆಯವರು ಮೆಟ್ಟಿಲು ಹತ್ತಬೇಕು, ಗ್ರೋಸರಿ ತರಬೇಕು, ಮೊಮ್ಮಕ್ಕಳನ್ನು ಡೇಕೇರಿಂದ ಕರಕೊಂಡು ಬರಬೇಕು ಎನ್ನುತ್ತಾರಂತೆ. ಇವಳು ಒಂದು ಕ್ಷಣ ಯೋಚಿಸಿ, ಜಿರಾಫೆಯ ಪಕ್ಕದಲ್ಲಿ ನಡೆಯಬೇಕು ಎಂದಳು. ಅವನು ಅದನ್ನು ಹಾಗೇ ಬರೆದುಕೊಂಡ. ನಾನು ಕುರ್ಚಿಯಲ್ಲಿ ಕೂತು ಛಾವಣಿ ನೋಡಿದೆ.

ಅವಳು ಯೋಜಕರ ಪಟ್ಟಿಯನ್ನು ನನಗಿಂತ ಚೆನ್ನಾಗಿ ಓದಿದ್ದಳು. ನಾವು ಹೋಗಲಿದ್ದ ದೊಡ್ಡ ಕಾಡುಗಳಲ್ಲಿ ವ್ಯಾನಿನಿಂದ ಕಾಲು ಕೆಳಗಿಡುವ ಹಾಗಿಲ್ಲ. ಈ ಪುಟ್ಟ ಉದ್ಯಾನದಲ್ಲಿ ಮಾತ್ರ, ಬಂದೂಕು ಹಿಡಿದ ಅರಣ್ಯ ರಕ್ಷಕರೊಬ್ಬರ ಜತೆ ಎರಡು ಗಂಟೆ ಕಾಲ್ನಡಿಗೆಯಲ್ಲಿ ಹೋಗಬಹುದು. ಜಿರಾಫೆಗಳು ಮೇಯುವ ಬಯಲಿನ ನಡುವೆ.

ಒಂಬತ್ತು ತಿಂಗಳು ಅವಳು ಅದಕ್ಕಾಗಿ ನಡೆದಳು. ಮಿಲ್ಪಿಟಾಸಿನ ದೊಡ್ಡ ಮಾಲಿನೊಳಗೆ, ಬೆಳಿಗ್ಗೆ ಅಂಗಡಿಗಳು ಬಾಗಿಲು ತೆಗೆಯುವ ಮುಂಚೆ, ಸುತ್ತು ಹಾಕಲು ಬರುವ ಚೀನೀ ಅಜ್ಜಂದಿರ, ಗುಜರಾತಿ ಅಜ್ಜಿಯರ ಜತೆ. ಮೊದಲು ಕಾಲು ಸುತ್ತು, ಆಮೇಲೆ ಅರ್ಧ, ಬೇಸಗೆಯ ಹೊತ್ತಿಗೆ ಮೂರು ಪೂರ್ತಿ ಸುತ್ತು. ನಾನು ಒಂದು ಬೆಂಚಿನಲ್ಲಿ ಕಾಫಿ ಹಿಡಿದು ಕೂತು ಪ್ರತಿ ಸುತ್ತಿಗೂ ಒಂದೊಂದು ಮಾತು ಹೇಳಿ ಕಳಿಸುತ್ತಿದ್ದೆ. “ಚಪ್ಪಲಿ ಅಂಗಡಿ ಹತ್ರ ಹುಷಾರು, ಜೀಬ್ರಾ ಇರತ್ತೆ.” ಅವಳು ನಿಲ್ಲುತ್ತಿರಲಿಲ್ಲ. “ನೀವು ಕಾಫಿ ಕುಡೀರಿ,” ಎಂದು ಹೇಳಿ ಮುಂದೆ ಹೋಗುತ್ತಿದ್ದಳು. ನನ್ನ ಮಾತು ಚೆನ್ನಾಗಿದೆಯೆಂದು ನನಗೆ ಎಷ್ಟು ನಂಬಿಕೆಯಿತ್ತೆಂದರೆ, ಅದೇ ಮಾತನ್ನು ಮರುದಿನವೂ ಹೇಳುತ್ತಿದ್ದೆ.

ಈಗ ನಮ್ಮ ಬಳಗದ ಒಂದು ಸಂಪ್ರದಾಯವನ್ನು ವಿವರಿಸಬೇಕು. ನಮ್ಮಲ್ಲಿ ಯಾರೂ ಯಾರಿಗೂ ಮುಖಕ್ಕೆ ಬೇಡ ಎನ್ನುವುದಿಲ್ಲ. ನೋಡೋಣ ಎನ್ನುತ್ತೇವೆ, ನಿಮ್ಮಿಷ್ಟ ಎನ್ನುತ್ತೇವೆ, ಅಡ್ಜಸ್ಟ್ ಮಾಡ್ಕೊಳ್ಳೋಣ ಬಿಡಿ ಎನ್ನುತ್ತೇವೆ. ಈ ಮೂರು ಮಾತುಗಳಿಂದ ಯಾವ ತೀರ್ಮಾನವೂ ಆಗುವುದಿಲ್ಲವಾದ್ದರಿಂದ ಯೋಜಕರು ಫೋನಿನ ಗ್ರೂಪಿನಲ್ಲಿ ಮತಕ್ಕೆ ಹಾಕುವ, ಅವರ ಬಾಯಲ್ಲಿ ಪೋಲು ಹಾಕುವ, ಪದ್ಧತಿ ತಂದರು. ಶನಿವಾರದ ಊಟಕ್ಕೆ ಬಿಸಿಬೇಳೆಯೋ ಪುಳಿಯೋಗರೆಯೋ: ಪೋಲು. ಚಿತ್ರಾನ್ನಕ್ಕೆ ಕಡಲೆಕಾಯಿಯೋ ಗೋಡಂಬಿಯೋ: ಪೋಲು. ಒಂದೇ ಸೋಫಾದ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂತ ಐದು ಜನ ತಲೆ ತಗ್ಗಿಸಿ, ಸಾರ್ವತ್ರಿಕ ಚುನಾವಣೆಯ ಗಾಂಭೀರ್ಯದಿಂದ ಬೆರಳು ಒತ್ತುತ್ತಾರೆ. ಅಲ್ಲಿಗೆ ಬೇಡವೆಂದದ್ದು ಮನುಷ್ಯರಲ್ಲ, ಅಂಕಿ ಅಂಶ; ಯಾರಿಗೂ ನೋವಿಲ್ಲ.

ನಾನು ಈ ಮತದಾನದಲ್ಲಿ ಭಾಗವಹಿಸಿದವನಲ್ಲ. ನಮ್ಮ ಮನೆಯ ಮತ ಹೆಂಡತಿಯದು. ಫೋನಿನ ಗ್ರೂಪು ಎಂಬುದನ್ನು ನಾನು ದೂರದಿಂದ ತಿರಸ್ಕರಿಸಿಕೊಂಡು ಬಂದಿದ್ದೆ. ಆದರೆ ಪ್ರವಾಸಕ್ಕೆಂದು ಹೊಸ ಗ್ರೂಪು ಮಾಡಿದ ಯೋಜಕರು ತಲೆಗೊಂದು ಮತ ಎಂದು ಘೋಷಿಸಿಬಿಟ್ಟರು.

ಮೂರನೆಯ ದಂಪತಿಗಳು ಡಾಕ್ಟರು ಮತ್ತು ಅವರ ಹೆಂಡತಿ. ಡಾಕ್ಟರು ಉಡುಪಿಯವರು, ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಜನರ ಹೊಟ್ಟೆ ನೋಡಿ ನೋಡಿ ನಿವೃತ್ತರಾದವರು. ಮನೆಯಲ್ಲಿ ತುಳು, ನಮ್ಮೊಡನೆ ಉಡುಪಿಯ ಕನ್ನಡ. ಎಲ್ಲದಕ್ಕೂ ನಗುವ ಸ್ವಭಾವ. ಅವರ ಹೆಂಡತಿ ಹೆಚ್ಚು ಮಾತಾಡುವವರಲ್ಲ. ಆದರೆ ಮಾಲಿನ ಸುತ್ತಿಗೆ ವಾರಕ್ಕೆರಡು ಸಲ ಬರುತ್ತಿದ್ದರು.

ನಾವು ಆ ಸಣ್ಣ ಉದ್ಯಾನದ ಹೊರಗಿನ ಲಾಡ್ಜಿನಲ್ಲಿ ಇಳಿದುಕೊಂಡ ಮಧ್ಯಾಹ್ನ ಬೆಟ್ಟ ಮೋಡದಿಂದ ಹೊರಗೆ ಬಂತು. ಅದರ ಹೆಸರು ಮೇರು. ನಿಜವಾಗಿಯೂ ಮೇರು; ಅಲ್ಲಿನ ಜನ ಯಾವಾಗಿನಿಂದಲೋ ಹಾಗೇ ಕರೆಯುತ್ತಾರೆ. ಇದನ್ನು ಕೇಳಿದ್ದೇ ಯೋಜಕರ ಹೆಂಡತಿ ಕೈಮುಗಿದರು.

“ನೋಡಿ, ನಮ್ಮ ಪುರಾಣದ ಮೇರುವೇ ಇದು. ನಮ್ಮ ಋಷಿಗಳು ಇಲ್ಲೀತನಕ ಬಂದಿದ್ರು ಅಂತಾಯ್ತು.”

“ಬಂದಿರ್ಬಹುದು ಮಾರಾಯ್ರೆ,” ಎಂದರು ಡಾಕ್ಟರು. “ವೀಸಾ ಇರ್ಲಿಲ್ಲ ಅಲ್ವಾ ಆವಾಗ.”

ಲಾಡ್ಜಿನ ಜಗಲಿಯಲ್ಲಿ ನಾವು ಆರೂ ಜನ ಖಾಕಿ ತೊಟ್ಟು ಕೂತಿದ್ದೆವು. ಮಣ್ಣಿನ ಬಣ್ಣದ ಪ್ಯಾಂಟು, ಮಣ್ಣಿನ ಬಣ್ಣದ ಅಂಗಿ, ಹದಿನಾಲ್ಕು ಜೇಬು, ಕತ್ತಿಗೆ ಹಗ್ಗ ಕಟ್ಟಿದ ಟೋಪಿ. ನಮ್ಮನ್ನು ಆಳಿದ ಬಿಳಿಯರು ಬೇಟೆಗೆ ತೊಡುತ್ತಿದ್ದ ವೇಷವನ್ನು, ನಮ್ಮನ್ನು ಆಳುವವರು ಯಾರೂ ಇಲ್ಲದ ಕಾಲದಲ್ಲಿ ನಾವೇ ಮಾಲಿಗೆ ಹೋಗಿ ಕೊಂಡು ತೊಟ್ಟಿದ್ದೆವು. ಚಹಾ ತಂದುಕೊಟ್ಟ ಲಾಡ್ಜಿನವರು ಮಾತ್ರ ಎಲ್ಲ ಮನುಷ್ಯರ ಹಾಗೆ ಬಿಳಿ ಅಂಗಿ, ಕಪ್ಪು ಪ್ಯಾಂಟಿನಲ್ಲಿದ್ದರು. ಮೇಜಿನ ಮೇಲೆ ಯೋಜಕರ ಹೆಂಡತಿ ಕೋಡುಬಳೆ ಡಬ್ಬಿ ತೆರೆದಿಟ್ಟಿದ್ದರು. ಮೇರು ಪರ್ವತ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಯಾರೂ ನೋಡುತ್ತಿರಲಿಲ್ಲ, ಏಕೆಂದರೆ ಆಗ ಯೋಜಕರು ಗಂಟಲು ಸರಿಮಾಡಿಕೊಂಡರು.

“ನಾಳೆ ಒಂದು ಕಾನ್‌ಫ್ಲಿಕ್ಟ್ ಇದೆ. ವಾಕಿಂಗ್ ಹೋದ್ರೆ ಎರಡು ಗಂಟೆ ಹೋಗತ್ತೆ. ಕೆರೆ ಕಟ್ ಆಗತ್ತೆ, ಲಂಚು ಲೇಟಾಗತ್ತೆ, ದೊಡ್ಡ ಪಾರ್ಕು ತಲುಪೋದು ಕತ್ತಲಾಗತ್ತೆ.”

“ನೀವೇ ತಾನೆ ಶೀಟಲ್ಲಿ ಆಪ್ಷನಲ್ ಅಂತ ಹಾಕಿದ್ದು?” ಎಂದಳು ನನ್ನ ಹೆಂಡತಿ.

“ಆಪ್ಷನಲ್ಲೇ ಅತ್ತಿಗೆ. ಅದಕ್ಕೇ ಪೋಲು ಹಾಕ್ತೀನಿ. ಟೈ ಆದ್ರೆ ಶೀಟಿನ ಪ್ರಕಾರ, ಅಂದ್ರೆ ವಾಕಿಂಗ್ ಇಲ್ಲ. ಸರೀನಾ?”

ಎಲ್ಲರೂ ಸರಿ, ನಿಮ್ಮಿಷ್ಟ, ಅಡ್ಜಸ್ಟ್ ಮಾಡ್ಕೊಳ್ಳೋಣ ಎಂದೆವು.

ಆ ಮಧ್ಯಾಹ್ನವೇ ನಾನು ಒಂದು ತಪ್ಪು ಮಾಡಿದ್ದೆ. ಲಾಡ್ಜಿನ ಕಪಾಟಿನಲ್ಲಿದ್ದ ಒಂದು ಪುಸ್ತಕ ಓದಿದ್ದೆ. ಕಾಡಿನಲ್ಲಿ ಕಾಲ್ನಡಿಗೆಯವರು ಹೆದರಬೇಕಾದದ್ದು ಸಿಂಹಕ್ಕಲ್ಲ, ಕಾಡೆಮ್ಮೆಗೆ ಎಂದು ಅದರಲ್ಲಿತ್ತು. ಗುಂಪು ಬಿಟ್ಟ ಮುದಿ ಗಂಡಿಗಂತೂ ಮನುಷ್ಯರನ್ನು ಕಂಡರಾಗದಂತೆ. ಆ ಉದ್ಯಾನದ ಬಯಲು ತುಂಬ ಕಾಡೆಮ್ಮೆ. ನನಗೆ ನಾಡಿನ ಎಮ್ಮೆಯೇ ಆಗುವುದಿಲ್ಲ. ಏಳು ವರ್ಷದವನಿದ್ದಾಗ ಮೈಸೂರಿನ ನಮ್ಮ ಗಲ್ಲಿಯಲ್ಲಿ ಹಾಲಿನವಳ ಎಮ್ಮೆಯೊಂದು ನನ್ನನ್ನು ಗೋಡೆಗೆ ಒತ್ತಿ ಸುಮ್ಮನೆ ನಿಂತಿತ್ತು. ಹಾಯಲಿಲ್ಲ, ಗುಟುರು ಹಾಕಲಿಲ್ಲ. ಉಸಿರು ಬಿಡುತ್ತ ನಿಂತಿತ್ತು ಅಷ್ಟೆ. ಆಮೇಲೆ ಹಾಲಿನವಳು ಬಂದು ಎಳೆದುಕೊಂಡು ಹೋದಳು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಏನೂ ಆಗಿರಲಿಲ್ಲವಲ್ಲ.

ಫೋನು ಮಿಡುಕಿತು. ‘ನಾಳೆ ವಾಕಿಂಗ್? ಹೌದು. ಬೇಡ.’ ನಾನು ಹೆಂಡತಿಯ ಕಡೆ ನೋಡಿದೆ. ಅವಳು ತಟ್ಟನೆ ಒತ್ತಿ ಫೋನು ಕೆಳಗಿಟ್ಟಿದ್ದಳು. ಅವಳು ನಡೆದರೆ ನಾನೂ ನಡೆಯಬೇಕು. ಗಂಡನಾದವನು ವ್ಯಾನಿನಲ್ಲಿ ಕೂರುವ ಹಾಗಿಲ್ಲ. ಮನಸ್ಸಿನಲ್ಲಿ ಒಂದು ದೊಡ್ಡ ಭಾಷಣ ತಯಾರಾಯಿತು: ಹೊಸ ಮಂಡಿ, ಹಳ್ಳ ದಿಣ್ಣೆಯ ನೆಲ, ಹತ್ತಿರದಲ್ಲಿ ಆಸ್ಪತ್ರೆಯಿಲ್ಲ. ಭಾಷಣ ಎಷ್ಟು ಮನಮುಟ್ಟುವ ಹಾಗಿತ್ತೆಂದರೆ ನಾನೇ ಒಪ್ಪಿದೆ. ‘ಬೇಡ’ ಒತ್ತಿದೆ.

ಇಲ್ಲಿ ನನ್ನ ತಲೆಮಾರಿನ ಒಂದು ಅಜ್ಞಾನವನ್ನು ಒಪ್ಪಿಕೊಳ್ಳಬೇಕು. ನಾನು ಮತ ಹಾಕಲು ಕಲಿತದ್ದು ಮೈಸೂರಿನ ಒಂದು ಪ್ರಾಥಮಿಕ ಶಾಲೆಯ ಕೊಠಡಿಯಲ್ಲಿ: ರಟ್ಟಿನ ಮರೆ, ಸ್ವಸ್ತಿಕದ ಮುದ್ರೆ, ಮಡಿಸಿದ ಕಾಗದ, ಪೆಟ್ಟಿಗೆಯ ಬಾಯಿ. ಮತವೆಂದರೆ ಗುಟ್ಟು. ಹೆತ್ತ ತಾಯಿಗೂ ಹೇಳಬೇಕಾಗಿಲ್ಲ. ಅಮೆರಿಕದಲ್ಲೂ ಲಕೋಟೆಗೆ ಅಂಟು ಹಚ್ಚಿ ಅಂಚೆಗೆ ಹಾಕುತ್ತೇವೆ. ಫೋನಿನ ಪೋಲಿನಲ್ಲಿ ಕೆಳಗೆ ಒಂದು ಕಡೆ ಬೆರಳಿಟ್ಟರೆ ಯಾರು ಯಾವುದಕ್ಕೆ ಹಾಕಿದರೆಂದು ಹೆಸರು, ಪಟ, ಗಳಿಗೆಯ ಸಮೇತ ಸಾಲಾಗಿ ಬರುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಉಳಿದ ಐದು ಜನಕ್ಕೂ ಗೊತ್ತಿತ್ತು. ಅವರೆಲ್ಲ ಇಷ್ಟು ದಿನ ಮುಖಕ್ಕೆ ಹೇಳದೆ, ಆದರೆ ಮುಖದ ಪಟ ಹಾಕಿ, ಬೇಡವೆನ್ನುತ್ತ ಬಂದಿದ್ದರು.

“ಮೂರು, ಮೂರು,” ಎಂದರು ಯೋಜಕರು. “ಟೈ.”

“ಛೆ,” ಎಂದೆ ನಾನು, ಹೆಂಡತಿಯ ಕಡೆ ತಿರುಗಿ. “ಒಂದೇ ಒಂದು ವೋಟು ನೋಡು.” ಈ ಮಾತನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವಳು ಒಂದು ಕೋಡುಬಳೆ ತೆಗೆದುಕೊಂಡು ಎರಡಾಗಿ ಮುರಿದು, ಎರಡನ್ನೂ ತಟ್ಟೆಯಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಆರೂವರೆಗೆ, ಪಟ್ಟಿಯ ಪ್ರಕಾರ, ಉದ್ಯಾನದ ಒಳಗಿದ್ದೆವು. ಆ ಪುಟ್ಟ ಕಾಡಿಗೆ ನಾವು ತೋರಿಸಿದ ಅವಜ್ಞೆಯನ್ನು ಅದು ಕ್ಷಮಿಸುವುದು ಕಷ್ಟ. ಮೊದಲು ಎತ್ತರದ ಮರಗಳ ದಟ್ಟ ಕಾಡು. ಅದರ ತುದಿಯಲ್ಲಿ ಕಪ್ಪು ಬಿಳುಪು ಕೋತಿಗಳು, ಬೆನ್ನಿನಿಂದ ಬಿಳಿಯ ಕುಚ್ಚು ಇಳಿಬಿಟ್ಟುಕೊಂಡು, ಮದುವೆಗೆ ಬಂದ ಪುರೋಹಿತರ ಹಾಗೆ ಕೂತಿದ್ದವು. ಚಾಲಕ ವ್ಯಾನು ನಿಲ್ಲಿಸಿದ. ಇವು ಬೇರೆ ಎಲ್ಲೂ ಸುಲಭವಾಗಿ ಕಾಣುವುದಿಲ್ಲ ಎಂದ.

“ಕೋತಿ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?” ಎಂದರು ಯೋಜಕರ ಹೆಂಡತಿ. ವ್ಯಾನು ಹೊರಟಿತು.

ಆಮೇಲೆ ಕಾಡು ಬಿಚ್ಚಿಕೊಂಡು ಹಸಿರು ಬಯಲಾಯಿತು. ಹಿಂದೆ ಮೇರು, ತಲೆಯ ಮೇಲೆ ಒಂದೇ ಒಂದು ಮೋಡ. ಬಯಲಿನಲ್ಲಿ ಜೀಬ್ರಾ, ಬಾಲವನ್ನು ಧ್ವಜದ ಹಾಗೆ ನೆಟ್ಟಗೆ ಹಿಡಿದು ಓಡುವ ಕಾಡುಹಂದಿಗಳು, ದೂರದಲ್ಲಿ ಮರಕ್ಕಿಂತ ಎತ್ತರ ನಾಲ್ಕೈದು ಜಿರಾಫೆ. ಮತ್ತು ಕಪ್ಪು ಬಂಡೆಗಳ ಹಾಗೆ, ಚದುರಿ, ಕಾಡೆಮ್ಮೆಗಳು. ಯೋಜಕರು ಪಟ್ಟಿ ತೆಗೆದು ಒಂದಕ್ಕೆ ಗುರುತು ಹಾಕಿ, “ಫೈವಲ್ಲಿ ಒನ್ ಡನ್,” ಎಂದರು. ನಾನು ಕಿಟಕಿಯ ಗಾಜು ಏರಿಸಿದೆ.

ಕಾಲ್ನಡಿಗೆಯವರು ಹೊರಡುವ ಒಂದು ಚೌಕಿ ಆ ಬಯಲಿನ ಅಂಚಿನಲ್ಲಿತ್ತು. ಶೌಚಕ್ಕೆಂದು ವ್ಯಾನು ಅಲ್ಲಿ ಹತ್ತು ನಿಮಿಷ ನಿಲ್ಲಬೇಕೆಂದು ಪಟ್ಟಿಯಲ್ಲಿತ್ತು. ಎಲ್ಲರೂ ಇಳಿದು ಹತ್ತಿದರು. ನನ್ನ ಹೆಂಡತಿ ಹತ್ತಲಿಲ್ಲ. ಅವಳು ತನ್ನ ಊರುಗೋಲಿನ ಮೇಲೆ ಭಾರ ಹಾಕಿ, ಚೌಕಿಯ ಮುಂದೆ ನಿಂತಿದ್ದ ಅರಣ್ಯ ರಕ್ಷಕಿಯ ಜತೆ ಮಾತಾಡುತ್ತಿದ್ದಳು. ಮೂವತ್ತರ ಹೆಣ್ಣುಮಗಳು, ಹಸಿರು ಸಮವಸ್ತ್ರ, ಹೆಗಲ ಮೇಲೆ ಉದ್ದನೆಯ ಬಂದೂಕು.

ಯೋಜಕರು ವ್ಯಾನಿನಿಂದ ತಲೆ ಹೊರಹಾಕಿದರು. “ಅತ್ತಿಗೆ, ಟೈಮಾಯ್ತು.”

“ನೀವು ಕೆರೆ ನೋಡ್ಕೊಂಡು ಬನ್ನಿ. ನಾನು ನಡ್ಕೊಂಡು ಹೋಗ್ತೀನಿ. ಆಚೆ ರಸ್ತೆ ಹತ್ರ ಸಿಗ್ತೀನಿ. ಇವರು ಕರ್ಕೊಂಡು ಹೋಗ್ತಾರಂತೆ.”

“ಅಲ್ಲ, ಪೋಲಲ್ಲಿ…”

“ಪೋಲು ನೋಡಿದೆ. ಯಾರು ಏನು ಹಾಕಿದಾರೆ ಅಂತಾನೂ ನೋಡಿದೆ.” ಧ್ವನಿ ಏರಲಿಲ್ಲ. “ಅದು ವ್ಯಾನಿಗೆ ಹಾಕಿದ ಪೋಲು. ವ್ಯಾನು ಶೀಟಿನ ಪ್ರಕಾರ ಹೋಗ್ಲಿ.”

ಯೋಜಕರಿಗೆ ಇದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಹುಡುಕುತ್ತಿರುವಾಗಲೇ ಡಾಕ್ಟರ ಹೆಂಡತಿ ತಮ್ಮ ಟೋಪಿ ತೆಗೆದುಕೊಂಡು ಇಳಿದುಹೋದರು. ನಾನು ಎದ್ದೆ. “ಇರು, ನಾನೂ ಬರ್ತೀನಿ.”

ಆಗ ಅವಳು ನನ್ನನ್ನು ನೋಡಿದಳು. “ಬೇಡ ರೀ. ಬೇಡ ಅಂತ ನಿಮ್ಮ ಮತ ಇದೆ. ಮತಕ್ಕೆ ಬೆಲೆ ಕೊಡ್ಬೇಕು.”

ವ್ಯಾನು ಹೊರಟಿತು. ಡಾಕ್ಟರು ನನ್ನ ತೊಡೆ ತಟ್ಟಿದರು.

“ನಿಮ್ಮ ಠೇವಣಿ ಹೋಯ್ತಲ್ಲ ಮಾರಾಯ್ರೆ.”

“ಹೆಸರು ಕಾಣತ್ತೆ ಅಂತ ನನಗೆ ಗೊತ್ತಿರ್ಲಿಲ್ಲ.”

“ಗೊತ್ತಿದ್ರೆ ಎಂತ ಮಾಡ್ತಿದ್ರಿ?”

ಉಡುಪಿಯವರ ಜತೆ ವಾದ ಮಾಡಬಾರದು. ನಾನು ಕಿಟಕಿಯ ಹೊರಗೆ ನೋಡಿದೆ.

ಕೆರೆ ಚೆನ್ನಾಗಿತ್ತಂತೆ. ನೀರಿನ ಅಂಚಿಗೆ ಗುಲಾಬಿ ಬಣ್ಣದ ಜರಿ ಹಾಕಿದ ಹಾಗೆ ರಾಜಹಂಸಗಳು ಸಾವಿರಗಟ್ಟಲೆ ಇದ್ದುವಂತೆ. ಯೋಜಕರು ಒಂದೇ ಹಕ್ಕಿಯ ನೂರು ಚಿತ್ರ ತೆಗೆದರು. ಅವರ ಹೆಂಡತಿ ಗೊಜ್ಜವಲಕ್ಕಿ ಬಡಿಸಿದರು. ನಾನು ತಟ್ಟೆ ಹಿಡಿದು ಕೂತೆ. ರಾಜಹಂಸವೋ ಬಾತುಕೋಳಿಯೋ ನನಗೆ ಗೊತ್ತಾಗಲಿಲ್ಲ. ಕಾಡೆಮ್ಮೆಗಳನ್ನು ಎಣಿಸುತ್ತಿದ್ದೆ. ಬಂದೂಕಿನಲ್ಲಿ ಎಷ್ಟು ಗುಂಡಿರುತ್ತದೆ ಎಂದು ಚಾಲಕನನ್ನು ಕೇಳಿದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಅವಳು ಒಳ್ಳೆಯವಳು, ಗುಂಡು ಹಾರಿಸುವ ಕೆಲಸ ಬರದ ಹಾಗೆ ನಡೆಸುತ್ತಾಳೆ ಎಂದ. ಒಳ್ಳೆಯ ಉತ್ತರವೇ. ಆದರೆ ನನಗೆ ಬೇಕಾಗಿದ್ದದ್ದು ಸಂಖ್ಯೆ.

ವಾಪಸು ಬರುವಾಗ ರಸ್ತೆ ಒಂದು ದಿಣ್ಣೆ ಹತ್ತುತ್ತದೆ. ಅಲ್ಲಿಂದ ಬಯಲು ಪೂರಾ ಕಾಣುತ್ತದೆ. ಯೋಜಕರ ದುರ್ಬೀನನ್ನು, ಅದು ಫಿರಂಗಿಯ ಗಾತ್ರವಿದೆಯೆಂದು ಮಾರ್ಗನ್ ಹಿಲ್‌ನಿಂದಲೂ ಹಾಸ್ಯ ಮಾಡಿಕೊಂಡು ಬಂದಿದ್ದವನು, ಕೇಳದೆ ಕಸಿದುಕೊಂಡೆ.

ಮೂರು ಟೋಪಿಗಳು ಸಿಕ್ಕವು. ಮುಂದೆ ಹಸಿರು ಟೋಪಿ, ನಡುವೆ ನನ್ನವಳು, ಹಿಂದೆ ಡಾಕ್ಟರ ಹೆಂಡತಿ. ಬಲಗಡೆ, ಮೂವತ್ತು ಹೆಜ್ಜೆಯೂ ಇಲ್ಲದಷ್ಟು ದೂರದಲ್ಲಿ, ಮೂರು ಜಿರಾಫೆಗಳು ಅವರ ಜತೆಗೇ, ಅವರದೇ ದಿಕ್ಕಿಗೆ, ಯಾವ ಅವಸರವೂ ಇಲ್ಲದೆ ನಡೆಯುತ್ತಿದ್ದವು. ಎಡಗಡೆ, ಇನ್ನಷ್ಟು ದೂರ, ಒಂಟಿ ಕಾಡೆಮ್ಮೆ ತಲೆಯೆತ್ತಿ ನಿಂತಿತ್ತು. ರಕ್ಷಕಿ ಕೈ ಮೇಲೆತ್ತಿದಳು. ಮೂವರೂ ನಿಂತರು. ನನ್ನ ಹೆಂಡತಿ ಒಂದು ಕೈ ಮುಂದೆ ಚಾಚಿ ರಕ್ಷಕಿಯ ಭುಜ ಹಿಡಿದಳು, ಮೈಯೆಲ್ಲ ಒಂದು ಕಡೆ ವಾಲಿತು, ಊರುಗೋಲು ಕೆಳಗೆ ಬಿತ್ತು. ಮಂಡಿ ಕೈಕೊಟ್ಟಿತೋ, ಹೆದರಿದಳೋ, ಅಥವಾ ಬೇರೆ ಏನೋ, ಆ ಫಿರಂಗಿಯ ಗಾಜಿನಲ್ಲಿ ಗೊತ್ತಾಗಲಿಲ್ಲ.

“ವ್ಯಾನು ಅಲ್ಲಿಗೆ ಬಿಡಪ್ಪಾ,” ಎಂದು ಚಾಲಕನಿಗೆ ಕನ್ನಡದಲ್ಲೇ ಹೇಳಿದೆ. ಅವನಿಗೆ ಅರ್ಥವಾಯಿತು. ರಸ್ತೆ ಬಿಟ್ಟು ಇಳಿಯುವ ಹಾಗಿಲ್ಲ ಎಂದ. ಕೂಗಬೇಡಿ, ಕೂಗಿದರೆ ಅವರಿಗೇ ತೊಂದರೆ ಎಂದೂ ಹೇಳಿದ. ನನ್ನ ಬಾಯಿ ಅದಾಗಲೇ ತೆರೆದಿತ್ತು. ಮುಚ್ಚಿದೆ.

ಎಷ್ಟು ಹೊತ್ತು ಅವರು ಹಾಗೆ ನಿಂತಿದ್ದರೋ. ಪಟ್ಟಿಯಲ್ಲಿ ಅದಕ್ಕೊಂದು ಸಾಲಿರಲಿಲ್ಲ. ಕಾಡೆಮ್ಮೆ ನೋಡುತ್ತಲೇ ಇತ್ತು. ಜಿರಾಫೆಗಳೂ ನಿಂತಿದ್ದವು. ಆಮೇಲೆ ರಕ್ಷಕಿ ಬಾಗಿ ಊರುಗೋಲು ಎತ್ತಿಕೊಟ್ಟಳು. ಮೂವರೂ ಬಂದ ದಾರಿಯಲ್ಲಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಬಳಸಿಕೊಂಡು, ಮತ್ತೆ ಮುಂದೆ ನಡೆದರು. ಎಮ್ಮೆ ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು.

ಆಚೆ ರಸ್ತೆಯಲ್ಲಿ ಅವಳು ವ್ಯಾನು ಹತ್ತುವಾಗ ಶೂಗಳು ಕೆಂಪಾಗಿದ್ದವು, ಮುಖವೂ ಹಾಗೇ. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಹಿಂದೆ ಹೋಗಿ ಡಾಕ್ಟರ ಹೆಂಡತಿಯ ಪಕ್ಕ ಕೂತಳು.

“ಮಂಡಿ ಹೇಗಿದೆ?” ಎಂದೆ, ತಿರುಗಿ.

“ಇದೆ.”

ಮಧ್ಯಾಹ್ನ ಊಟಕ್ಕೆ ನಿಂತಾಗ ಒಂದು ಮರದ ಕೆಳಗೆ ಅವಳನ್ನು ಒಬ್ಬಳೇ ಹಿಡಿದೆ. ನನ್ನ ಭಾಷಣ ಶುರುಮಾಡಿದೆ: ಹೊಸ ಮಂಡಿ, ಹಳ್ಳ ದಿಣ್ಣೆ. ಅವಳು ಕೈಯೆತ್ತಿದಳು, ರಕ್ಷಕಿ ಎತ್ತಿದ ಹಾಗೆ.

“ನಿಮಗೆ ಎಮ್ಮೆ ಕಂಡ್ರೆ ಭಯ. ಮದುವೆಯಾದ ವರ್ಷಾನೇ ನಿಮ್ಮಮ್ಮ ಹೇಳಿದ್ರು, ಅವರಿಗೆ ಹಾಲಿನವಳು ಹೇಳಿದ್ದಂತೆ. ಭಯ ಅಂದಿದ್ರೆ ನಾನೇನು ನಗ್ತಿದ್ನಾ? ನೀವು ವ್ಯಾನಲ್ಲಿ ಕೂತ್ಕೊಳಿ ಅಂತಿದ್ದೆ.”

ನಾನು ಟೋಪಿ ತೆಗೆದು ಕೈಗೆ ಹಿಡಿದುಕೊಂಡೆ.

“ನಿಮ್ಮ ಭಯಕ್ಕೆ ನನ್ನ ಮಂಡಿ ಯಾಕೆ ರೀ?”

ನಲವತ್ತು ವರ್ಷಗಳ ನನ್ನ ಒಣ ಹಾಸ್ಯದ ಉಗ್ರಾಣವನ್ನೆಲ್ಲ ಹುಡುಕಿದೆ. ಒಂದೂ ಸಿಗಲಿಲ್ಲ.

ಮುಂದಿನ ಹತ್ತು ದಿನಗಳಲ್ಲಿ ನಾವು ಪಂಚಮಹಾಪ್ರಾಣಿಗಳನ್ನು ಪೂರೈಸಿದೆವು. ಒಂದು ಸಿಂಹ ಪೊದೆಯ ಕೆಳಗೆ ಅಂಗಾತ ಬಿದ್ದು ನಿದ್ದೆ ಮಾಡುತ್ತಿತ್ತು. ಸುತ್ತ ಹತ್ತೊಂಬತ್ತು ವ್ಯಾನುಗಳು, ಪ್ರತಿ ವ್ಯಾನಿನ ಛಾವಣಿಯಿಂದ ಖಾಕಿ ತಲೆಗಳು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮೂರ್ಛೆ ಬಿದ್ದವನ ಸುತ್ತ ಜನ ಸೇರಿದ ಹಾಗೆ. ಯೋಜಕರು ಗುರುತು ಹಾಕಿದರು. ನನ್ನ ಹೆಂಡತಿ ಆ ಹೊತ್ತಿನಲ್ಲಿ ಸ್ವೆಟರು ಮಡಿಚಿ ತಲೆಗಿಟ್ಟುಕೊಂಡು ಮಲಗಿದ್ದಳು. ಸಿಂಹವೂ ಅವಳೂ ಒಂದೇ ಲಯದಲ್ಲಿ ಉಸಿರಾಡುತ್ತಿದ್ದರು. ಆ ಪ್ರದೇಶದಲ್ಲಿ ವಿವೇಕವಿದ್ದ ಜೀವಗಳು ಅವೆರಡೇ.

ಮಿಲ್ಪಿಟಾಸಿಗೆ ಬಂದ ಮೇಲೆ ಅವಳು ಮಾಲಿಗೆ ಹೋಗುವುದನ್ನು ಬಿಟ್ಟಳು. ಚಪ್ಪಟೆ ನೆಲ ಸಾಕಾಯಿತಂತೆ. ಈಗ ಊರಿನ ಪೂರ್ವಕ್ಕಿರುವ ಗುಡ್ಡಗಳಿಗೆ ಹೋಗುತ್ತಾಳೆ, ಡಾಕ್ಟರ ಹೆಂಡತಿ ಬಂದರೆ ಅವರ ಜತೆ, ಇಲ್ಲದಿದ್ದರೆ ಒಬ್ಬಳೇ. ಮೊದಲ ಸಲ ನಾನೂ ಬರಲಾ ಎಂದು ಕೇಳಿದಾಗ, “ನೋಡಿ, ನಿಮ್ಮಿಷ್ಟ,” ಎಂದಳು. ನಮ್ಮ ಬಳಗದಲ್ಲಿ ಆ ಮಾತಿಗೆ ಅರ್ಥವೇನೆಂದು ನನಗೆ ಗೊತ್ತು. ಆದರೂ ಹೋದೆ.

ಗುಡ್ಡದ ದಾರಿ ಅರ್ಧ ಮೈಲಿ ಹತ್ತಿದ ಮೇಲೆ ಒಂದು ಕಬ್ಬಿಣದ ಗೇಟು. ಆಚೆ ಹುಲ್ಲುಗಾವಲು. ಯಾರೋ ಮೇಯಲು ಬಿಟ್ಟ ದನಗಳು ಅಲ್ಲಿ ದಾರಿಯ ಮೇಲೇ ನಿಂತಿರುತ್ತವೆ. ಕಪ್ಪಗೆ, ಮೈತುಂಬಿಕೊಂಡು, ಉಸಿರು ಬಿಡುತ್ತ. ಕ್ಯಾಲಿಫೋರ್ನಿಯಾದ ಸಂಸಾರಗಳು ಮಕ್ಕಳ ಗಾಡಿ ತಳ್ಳಿಕೊಂಡು ಅವುಗಳ ಮಧ್ಯೆ ಹೋಗುತ್ತವೆ. ಅವುಗಳನ್ನು ಬೈದು ಒಂದು ಒಳ್ಳೆಯ ಮಾತು ಹೇಳಬಲ್ಲೆ. ಹೇಳಿ ಪ್ರಯೋಜನವಿಲ್ಲ.

ಆ ಗೇಟಿನವರೆಗೆ ಹತ್ತುವಾಗ ಅವಳು ಆ ದಿನದ ನಡಿಗೆಯ ಬಗ್ಗೆ ಸ್ವಲ್ಪ ಸ್ವಲ್ಪ ಹೇಳುತ್ತಾಳೆ. ಕೇಳಿದರೆ ಹೇಳುವುದಿಲ್ಲ, ಸುಮ್ಮನೆ ಜತೆಗೆ ನಡೆದರೆ ಹೇಳುತ್ತಾಳೆ. ಹುಲ್ಲಿಗೆ ಒಗ್ಗರಣೆಯ ಹಾಗೆ ಒಂದು ವಾಸನೆ ಇತ್ತಂತೆ. ರಕ್ಷಕಿಗೆ ಇಬ್ಬರು ಮಕ್ಕಳಂತೆ, ಅವಳ ತಾಯಿಗೂ ಮಂಡಿ ನೋವಂತೆ. ಅಷ್ಟು ಹತ್ತಿರದಿಂದ ಜಿರಾಫೆ ನಡೆಯುವಾಗ ಸದ್ದೇ ಆಗುವುದಿಲ್ಲವಂತೆ. ಅಷ್ಟು ದೊಡ್ಡ ಮೈಗೆ ಸದ್ದಿಲ್ಲದಿರುವುದೇ ಮೊದಲು ಹೆದರಿಕೆ ಹುಟ್ಟಿಸಿತಂತೆ. ಇಲ್ಲಿಯವರೆಗೆ ಕತೆ ರಕ್ಷಕಿ ಕೈ ಮೇಲೆತ್ತಿದ ಜಾಗಕ್ಕೆ ಬಂದಿದೆ.

ಕಳೆದ ವಾರ ಅಲ್ಲಿಗೆ ಬರುವಷ್ಟರಲ್ಲಿ ಗೇಟು ಬಂತು. ಅವಳು ಚಿಲಕ ತೆಗೆದು ಒಳಗೆ ಹೋಗಿ, ಗೇಟನ್ನು ಹಿಡಿದು ನಿಂತಳು.

“ಮುಂದೇನಾಯ್ತು?” ಎಂದೆ, ಈಚೆಯಿಂದ.

“ಬಂದ್ರೆ ಹೇಳ್ತೀನಿ.”

ಹತ್ತು ಗಜ ದೂರದಲ್ಲಿ ನಾಲ್ಕು ದನ ನಿಂತಿದ್ದವು. ಒಂದು ನನ್ನ ಕಡೆ ತಿರುಗಿ ನೋಡಿತು. “ನನಗೆ ಭಯ,” ಎಂದೆ.

“ಗೊತ್ತು,” ಎಂದಳು. ನಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಗೇಟು ಹಿಡಿದೇ ನಿಂತಿದ್ದು, ಆಮೇಲೆ ಮೆಲ್ಲಗೆ ಹಾಕಿಕೊಂಡು, ದನಗಳನ್ನು ಬಳಸಿಕೊಂಡು ಗುಡ್ಡ ಹತ್ತಿದಳು. ನಾನು ಬೇಲಿ ಹಿಡಿದು ಅವಳು ಇಳಿದು ಬರುವವರೆಗೆ ಅಲ್ಲೇ ನಿಂತಿದ್ದೆ. ಶನಿವಾರ ಮತ್ತೆ ಹೋಗುತ್ತೇವೆ.